ಕುರಿಮರಿಗೆ ಅಭ್ಯಂಜನ

ನಮ್ಮ ಕಡೆ ದೂರು ಕೊಡುವುದಕ್ಕೆ ಬಾಯಿ ಒಂದಿದ್ದರೆ ಸಾಕು. ಹೊನ್ನವಳ್ಳಿ ರಸ್ತೆಯಲ್ಲಿ ಯಾವನಾದರೂ ಗಾಡಿ ಎತ್ತಿಗೆ ಒಂದೇಟು ಹೆಚ್ಚಾಗಿ ಹಾಕಿದನೆನ್ನಿ, ತೆಂಗಿನ ತೋಟದ ಬೇಲಿಯಾಚೆಯಿಂದ, ಮುಖ ಕೂಡ ಕಾಣದ ಒಬ್ಬ ಅಜ್ಜಿ, “ಯಾಕ್ಲಾ ಆ ಮೂಕಪ್ರಾಣೀನ ಹಂಗ್ ಬಡೀತೀಯ, ನಿನ್ ಕೈ ಸೇದೋಗ!” ಎಂದು ಕೂಗುತ್ತಾಳೆ. ದೂರು, ವಿಚಾರಣೆ, ತೀರ್ಪು, ಶಿಕ್ಷೆ ಎಲ್ಲವೂ ಒಂದೇ ಉಸಿರಿನಲ್ಲಿ ಮುಗಿಯುತ್ತವೆ. ಗಾಡಿಯವನು “ಆಯ್ತು ಬುಡಜ್ಜಿ” ಎಂದು ಬಾರುಕೋಲನ್ನು ಪಕ್ಕಕ್ಕಿಡುತ್ತಾನೆ. ಅಜ್ಜಿಯ ಕಿವಿಗೆ ಕೇಳಿಸದಷ್ಟು ದೂರ ಹೋದ ಮೇಲೆ ಮತ್ತೆ ಕೈಗೆತ್ತಿಕೊಳ್ಳುತ್ತಾನೆ. ಯಾರಿಗೂ ಬೇಸರವಿಲ್ಲ, ಎತ್ತಿನ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಿದಂತಿಲ್ಲ.

ಪರದೇಶದಲ್ಲಿ ಈ ಸೌಕರ್ಯವಿಲ್ಲ. ಅಲ್ಲಿ ಪ್ರಾಣಿಗಳ ಪರವಾಗಿ ದೂರು ಕೇಳುವುದಕ್ಕೆಂದೇ ಒಂದು ಸಂಘ, ಸಂಘಕ್ಕೊಂದು ಟೆಲಿಫೋನು, ಟೆಲಿಫೋನಿನ ಆ ತುದಿಯಲ್ಲಿ ಒಬ್ಬ ಹೆಂಗಸು, ಆಕೆಯ ಹಿಂದೆ ಒಬ್ಬ ಇನ್ಸ್‌ಪೆಕ್ಟರು. ಎಪ್ಪತ್ತರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ ನಾನೂ ಹೀಗೊಂದು ದೂರು ಕೊಟ್ಟೆ. ಕೊಟ್ಟೆನೋ, ಕೊಡಿಸಿದೆನೋ ಎಂಬುದರ ಬಗ್ಗೆ ಈಗ ಭಿನ್ನಾಭಿಪ್ರಾಯವಿದೆ. ಆ ಭಿನ್ನಾಭಿಪ್ರಾಯದ ಹೆಸರು ರುದ್ರೇಶ.

ರುದ್ರೇಶ ತುರುವೇಕೆರೆಯವನು. ಇಂಗ್ಲೆಂಡಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, ಸೇತುವೆ ಕಟ್ಟುವುದನ್ನು ಚೆನ್ನಾಗಿ ಕಲಿತು, ಊರಿಗೆ ಮರಳಿ ತಿಪಟೂರಿನಲ್ಲಿ ಅವರಪ್ಪನ ಕೊಬ್ಬರಿ ಮಂಡಿಯ ಗಾದಿಯ ಮೇಲೆ ಕುಳಿತಿದ್ದಾನೆ. ನಾನು ಅದೇ ಊರಿನ ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ಸಂಜೆ ಮಂಡಿಗೆ ಹೋದರೆ ಕಾಫಿ ತರಿಸುತ್ತಾನೆ. ಕಾಫಿ ಬರುವುದರೊಳಗೆ, ಕೊಬ್ಬರಿ ಚೀಲ ಇಳಿಸಲು ಬಂದ ರೈತರಿಗೆಲ್ಲ ನನ್ನನ್ನು ಪರಿಚಯಿಸುತ್ತಾನೆ.

“ಇವ್ರೇ ಕಣ್ರೀ, ಇಂಗ್ಲೆಂಡ್ನಾಗೆ ಕುರಿಮರಿಗೆ ತಲೆ ಮೇಲೆ ನೀರ್ ಹಾಕಿದ್ ಮೇಷ್ಟ್ರು.”

ಹುಳಿಯಾರು ಕಡೆಯ ಒಬ್ಬ ಯಜಮಾನರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಯಾಕ್ ಸಾ, ಆ ದೇಶ್ದಾಗೆ ಅವು ತಾವೇ ಸ್ನಾನ ಮಾಡ್ಕಳಲ್ವಾ?” ಎಂದು ಕೇಳಿದರು. ಅವರ ಮುಖದಲ್ಲಿ ನಗು ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದರು. ಆ ಪ್ರಶ್ನೆಗೆ ಉತ್ತರವಾಗಿ, ನನ್ನ ಪಾಲಿನ ಸತ್ಯ ಎಷ್ಟಿದೆಯೋ ಅಷ್ಟನ್ನು ಬರೆದಿಡುತ್ತಿದ್ದೇನೆ. ಪೂರ್ತಿ ಸತ್ಯವೆಂದು ಪ್ರಮಾಣ ಮಾಡಲಾರೆ. ನಾನು ಆ ದೇಶಕ್ಕೆ ಹೋಗಿದ್ದೇ, ‘ಕಣ್ಣಾರೆ ಕಂಡೆ’ ಎಂದು ಒಬ್ಬ ಮನುಷ್ಯ ಹೇಳಿದರೆ ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ವಿಷಯದ ಮೇಲೆ ಪ್ರಬಂಧ ಬರೆಯುವುದಕ್ಕೆ. ಬಹಳ ನಂಬಬಾರದು ಎಂಬುದು ನನ್ನ ಪ್ರಬಂಧದ ಸಾರಾಂಶ. ಪರೀಕ್ಷಕರು ಅದನ್ನು ನಂಬಿ ಪದವಿ ಕೊಟ್ಟರು.

ನಾವಿಬ್ಬರೂ ಊರ ಹೊರಗೆ ಒಬ್ಬ ಕುರಿ ಸಾಕುವವನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಆತನ ಹೆಸರು ಬ್ರೌನ್. ಹೊಲವಿತ್ತು, ಕುರಿಗಳಿದ್ದವು, ಬೆಳಿಗ್ಗೆ ಎದ್ದು ಆಕಾಶ ನೋಡಿ ಬೈಯುವ ಅಭ್ಯಾಸವಿತ್ತು. ಇಷ್ಟು ಲಕ್ಷಣಗಳಿದ್ದವನನ್ನು ಬರೀ ಬ್ರೌನ್ ಎನ್ನುವುದು ಸರಿಯಲ್ಲವೆಂದು ರುದ್ರೇಶ ಅವರನ್ನು ‘ಗೌಡ್ರು’ ಎಂದು ಕರೆಯುತ್ತಿದ್ದ. ನಾನೂ ಹಾಗೆಯೇ ರೂಢಿ ಮಾಡಿಕೊಂಡೆ. ಗೌಡರು ಮಿತಭಾಷಿ. ನಮ್ಮ ಅಡುಗೆಯ ಒಗ್ಗರಣೆ ಘಾಟಿಗೆ ಅವರಿಗೆ ಕೆಮ್ಮು ಬರುತ್ತಿತ್ತು, ಆದರೆ ಅದರ ಬಗ್ಗೆಯೂ ಅವರು ಏನೂ ಹೇಳಿರಲಿಲ್ಲ. ಸುಮ್ಮನೆ ಕೆಮ್ಮುತ್ತಿದ್ದರು.

ಅದು ಮಾರ್ಚಿಯೋ ಏಪ್ರಿಲ್ಲೋ, ಕುರಿಗಳು ಈಯುವ ಕಾಲ. ಬೆಳಿಗ್ಗೆ ಕಿಟಕಿಯಲ್ಲಿ ನಿಂತು ಹಲ್ಲುಜ್ಜುತ್ತಿದ್ದೆ. ಕೆಳಗಡೆ ಅಂಗಳದಲ್ಲಿ ಗೌಡರು ಒಂದು ಸತ್ತ ಕುರಿಮರಿಯ ಚರ್ಮ ಸುಲಿಯುತ್ತಿದ್ದರು. ಅದನ್ನು ಹೇಗೋ ಸಹಿಸಿಕೊಂಡೆ. ಸುಲಿದಾದ ಮೇಲೆ ಅವರು ಬುಟ್ಟಿಯಿಂದ ಜೀವಂತ ಮರಿಯೊಂದನ್ನು ಎತ್ತಿಕೊಂಡು, ಆ ಹಸಿ ಚರ್ಮದ ಕಾಲಿನ ತೂತುಗಳಲ್ಲಿ ಅದರ ನಾಲ್ಕು ಕಾಲುಗಳನ್ನೂ ತೂರಿಸಿ, ಅಂಗಿ ತೊಡಿಸಿದ ಹಾಗೆ ತೊಡಿಸಿಬಿಟ್ಟರು. ಆಮೇಲೆ ಹುಲ್ಲಿನ ಪಿಂಡಿಗಳನ್ನು ಅಡ್ಡ ಇಟ್ಟು ಮಾಡಿದ ಒಂದು ಕಿರುದೊಡ್ಡಿಯಲ್ಲಿ, ಒಂದು ದೊಡ್ಡ ಕುರಿಯ ಮುಂದೆ ಅದನ್ನು ಬಿಟ್ಟು, ಕೈ ತೊಳೆದು, ಟ್ರ್ಯಾಕ್ಟರ್ ಹತ್ತಿ ಹೊರಟುಹೋದರು. ನಾನು ಟೂತ್‌ಪೇಸ್ಟ್ ನುಂಗಿಬಿಟ್ಟೆ.

ರುದ್ರೇಶನನ್ನು ಎಬ್ಬಿಸಿ ತೋರಿಸಿದೆ. ಅವನು ಕಂಬಳಿ ಹೊದ್ದುಕೊಂಡೇ ನೋಡಿದ.

“ಅಯ್ಯೋ ಶಿವನೇ. ಇದೇನ್ಲಾ ಇದು, ಗೌಡ್ರಿಗೆ ತಲೆ ಕೆಟ್ಟೈತಾ?”

“ದೂರು ಕೊಡಬೇಕು ಕಣೋ.”

“ಬುಡ್ಲಾ ಚನ್ನ, ನಮಗ್ಯಾಕೆ. ಮನೆ ಬುಡ್ಸಿದ್ರೆ ಈ ಚಳೀಲಿ ಎಲ್ಲಿಗ್ ಹೋಗನ?”

ಇದು ನನ್ನ ನೆನಪು. ಮಂಡಿಯಲ್ಲಿ ಹೇಳುವಾಗ ರುದ್ರೇಶ ಈ ಸಂಭಾಷಣೆಯನ್ನು ಹೀಗೆಯೇ ಹೇಳುತ್ತಾನೆ, ಮಾತುಗಳನ್ನು ಮಾತ್ರ ಅದಲುಬದಲು ಮಾಡಿಕೊಂಡು. ಅಂತೂ ಇಬ್ಬರೂ ರಸ್ತೆಯ ಕೊನೆಯಲ್ಲಿದ್ದ ಕೆಂಪು ಟೆಲಿಫೋನ್ ಡಬ್ಬಿಯೊಳಗೆ ತುರುಕಿಕೊಂಡು ನಿಂತೆವು. ಪ್ರಾಣಿಗಳ ಸಂಘದ ಹೆಂಗಸು ಬಹಳ ಮರ್ಯಾದೆಯಿಂದ ಪ್ರಾಣಿ ಯಾವುದೆಂದು ಕೇಳಿದಳು. ಕುರಿ ಎಂದೆ. ಏನು ಹಿಂಸೆಯಾಗಿದೆ ಎಂದು ಕೇಳಿದಳು. ಒಂದು ಕುರಿಗೆ ಇನ್ನೊಂದು ಕುರಿಯನ್ನು ತೊಡಿಸಿದ್ದಾರೆ ಎಂದೆ. ಏನು ತೊಡಿಸಿದ್ದಾರೆ ಎಂದು ಆಕೆ ಮತ್ತೆ ಕೇಳಿದಳು. ನನ್ನ ಇಂಗ್ಲಿಷ್ ಆಕೆಗೆ ಅರ್ಥವಾಗಲಿಲ್ಲವೆಂದುಕೊಂಡು ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿದೆ. ಮಧ್ಯಾಹ್ನದೊಳಗೆ ಇನ್ಸ್‌ಪೆಕ್ಟರು ಬರುತ್ತಾರೆ, ಅಲ್ಲಿಯವರೆಗೆ ದಯವಿಟ್ಟು ಯಾವುದನ್ನೂ ಮುಟ್ಟಬೇಡಿ ಎಂದಳು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಮಂಡಿಯಲ್ಲಿ ನೆಮ್ಮದಿಯಾಗಿ ಕಾಫಿ ಕುಡಿಯಬಹುದಾಗಿತ್ತು. ಆದರೆ ವಾಪಸ್ಸು ಬಂದು ನೋಡಿದರೆ ಮರಿ ಆ ಹಸಿ ಚರ್ಮದೊಳಗೆ ನಿಂತು ಕಿರುಚುತ್ತಿತ್ತು, ಕುರಿ ಅದರ ಬೆನ್ನನ್ನು ಮೂಸಿ ಮೂಸಿ ನೋಡುತ್ತಿತ್ತು. ಕುರಿ ಹೆದರಿದೆ ಎಂದು ನಾನು ತೀರ್ಮಾನಿಸಿದೆ. ಮರಿ ಮಧ್ಯಾಹ್ನದವರೆಗೆ ಬದುಕುವುದಿಲ್ಲವೆಂದೂ ತೀರ್ಮಾನಿಸಿದೆ. ಪಿಂಡಿ ಹಾರಿ ಮರಿಯನ್ನೆತ್ತಿಕೊಂಡು ಮಹಡಿಯ ಬಚ್ಚಲಿಗೆ ತಂದೆವು. ಚರ್ಮ ಬಿಗಿಯಾಗಿ ಅಂಟಿಕೊಂಡಿತ್ತು, ಬಿಚ್ಚಲು ಬರಲಿಲ್ಲ. ಕತ್ತರಿಯಿಂದ ಚೂರು ಚೂರಾಗಿ ಕತ್ತರಿಸಿ ತೆಗೆದೆ. ಮೈಯೆಲ್ಲ ರಕ್ತ, ಲೋಳೆ. ಬಿಸಿನೀರು ಬಿಟ್ಟು, ಊರಿಂದ ತಂದು ಹಬ್ಬಕ್ಕೆಂದು ಎತ್ತಿಟ್ಟಿದ್ದ ಗಂಧದ ಸೋಪು ಹಚ್ಚಿ, ಎರಡು ಸಲ ನೊರೆ ಬರಿಸಿ ತೊಳೆದೆ. ಹಿಡಿದುಕೊಂಡವನು ರುದ್ರೇಶ. ಈ ಅಂಶವನ್ನು ಮಂಡಿಯಲ್ಲಿ ಅವನು ಹೇಳುವುದಿಲ್ಲ. ಮರಿ ಬೆಳ್ಳಗೆ, ಘಮಘಮಿಸುತ್ತಾ, ಗಡಗಡ ನಡುಗುತ್ತಾ ನನ್ನ ಮಫ್ಲರಿನಲ್ಲಿ ಮಲಗಿತು. ಅಷ್ಟು ಪುಣ್ಯದ ಕೆಲಸ ಮಾಡಿದ ತೃಪ್ತಿ ನನಗೆ ಮತ್ತೆಂದೂ ಸಿಕ್ಕಿಲ್ಲ. ಆ ತೃಪ್ತಿ ಸುಮಾರು ಅರ್ಧ ಗಂಟೆ ಇತ್ತು.

ಇನ್ಸ್‌ಪೆಕ್ಟರು ಗೌಡರ ಜೊತೆಯಲ್ಲೇ ಮೆಟ್ಟಿಲು ಹತ್ತಿ ಬಂದರು. ಎತ್ತರದ ಆಳು, ಬಹಳ ಬೇಸರ ಕಂಡ ಮುಖ. ಬಚ್ಚಲಲ್ಲಿ ಬಿದ್ದಿದ್ದ ಚರ್ಮದ ಚೂರುಗಳನ್ನು ನೋಡಿದರು, ಮರಿಯನ್ನು ನೋಡಿದರು, ಬಗ್ಗಿ ಮೂಸಿದರು. “ಹುಟ್ಟಿ ಒಂದು ದಿನವಾಗದ ಮರಿಯನ್ನು ಈ ಚಳಿಯಲ್ಲಿ ತೊಳೆದವರು ಯಾರು?” ಎಂದು ಕೇಳಿದರು. ದೂರು ಕೊಟ್ಟವನು ನಾನು ಎಂದೆ. “ನಾನು ಅದನ್ನು ಕೇಳಲಿಲ್ಲ” ಎಂದರು.

ಆಮೇಲೆ ಅವರೇ ವಿವರಿಸಿದರು. ಈ ಮರಿಯ ತಾಯಿ ಹೆರಿಗೆಯಲ್ಲಿ ಸತ್ತಿದೆ. ಕೆಳಗಿದ್ದ ಆ ಕುರಿಯ ಮರಿ ಸತ್ತಿದೆ. ಹಾಲಿದ್ದವಳಿಗೆ ಮರಿಯಿಲ್ಲ, ಮರಿಗೆ ಹಾಲಿಲ್ಲ. ಕುರಿ ಪರರ ಮರಿಯನ್ನು ಹತ್ತಿರ ಸೇರಿಸುವುದಿಲ್ಲ, ವಾಸನೆಯಲ್ಲೇ ಗುರುತು ಹಿಡಿಯುತ್ತದೆ. ಆದ್ದರಿಂದ ಸತ್ತ ಮರಿಯ ಚರ್ಮವನ್ನು ಇದಕ್ಕೆ ತೊಡಿಸಿದರೆ ತನ್ನದೇ ಎಂದು ಮೊಲೆ ಕೊಡುತ್ತದೆ. ಒಂದೆರಡು ದಿನ ಕುಡಿದ ಮೇಲೆ ಚರ್ಮ ತೆಗೆದರಾಯಿತು. ನಾನು ಹೆದರಿಕೆ ಎಂದುಕೊಂಡ ಆ ಮೂಸುವಿಕೆ ಒಪ್ಪಿಕೊಳ್ಳುವ ಮೊದಲ ಹೆಜ್ಜೆಯಂತೆ.

ಗೌಡರು ಮರಿಯನ್ನು ತೆಗೆದುಕೊಂಡು ಹೋಗಿ ಕುರಿಯ ಮುಂದೆ ಬಿಟ್ಟರು. ಕುರಿ ಮುಂದೆ ಬಂದು ಮೂಸಿ, ಗಂಧದ ವಾಸನೆಗೆ ಒಂದು ಸಲ ಸೀನಿ, ತಲೆಯಿಂದ ಗುದ್ದಿ ಮರಿಯನ್ನು ಪಿಂಡಿಯ ಬುಡಕ್ಕೆ ಎಸೆಯಿತು. ಮರಿ ಎದ್ದು ಮತ್ತೆ ಕೆಚ್ಚಲಿಗೇ ಹೋಯಿತು. ಕುರಿ ಮತ್ತೆ ಗುದ್ದಿತು. ಬಾಟಲಿಯ ಹಾಲು ಕುಡಿಸಿದರಾಗದೇ ಎಂದು ಕೇಳಿದೆ. ಮೊದಲ ದಿನದ ತಾಯಿಹಾಲಿಲ್ಲದೆ ತಾನು ಬಾಟಲಿಯಲ್ಲಿ ಬೆಳೆಸಿದ ಮರಿಗಳು ಹೆಚ್ಚಿನವು ಸತ್ತಿವೆ ಎಂದರು ಗೌಡರು. ಸಂಜೆಯೊಳಗೆ ಆಕೆ ಸೇರಿಸಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ನನಗೆ ನೆನಪಿರುವಂತೆ ಆ ವರ್ಷ ಅವರು ನನ್ನೊಡನೆ ಆಡಿದ ಅತಿ ದೀರ್ಘವಾದ ಮಾತು ಅದು. ಬೈದಿದ್ದರೆ ಚೆನ್ನಾಗಿತ್ತು.

ರುದ್ರೇಶ ಪಿಂಡಿಯ ಮೇಲೆ ಕುಕ್ಕರಗಾಲಲ್ಲಿ ಕುಳಿತು ನನ್ನ ಕಡೆ ತಿರುಗಿದ.

“ಅಲ್ಲ ಕಣ್ಲಾ, ನಿಮ್ಮನೇಲಿ ಕರ ಸತ್ತಾಗ ಅದ್ರ ಚರ್ಮಕ್ಕೆ ಹುಲ್ಲು ತುಂಬಿ ಹಸಿನ ಮುಂದೆ ನಿಲ್ಲಿಸ್ತಿರ್ಲಿಲ್ವಾ? ಅದನ್ನ ನೆಕ್ತಾ ಹಸ ಹಾಲ್ ಇಳಿಸ್ತಿರ್ಲಿಲ್ವಾ? ಆ ಹಾಲ್ನಾಗೇ ಕಾಫಿ ಕುಡ್ದು ಬೆಳ್ದೋನು ನೀನು!”

“ನಿನಗೂ ಬೆಳಿಗ್ಗೆ ನೆನಪಾಗಲಿಲ್ಲವಲ್ಲೋ.”

“ನಾನ್ ನಿದ್ದೆಗಣ್ಣಾಗಿದ್ದೆ. ನೀನ್ ಹಲ್ಲುಜ್ತಾ ಇದ್ದೆ.”

ಅವನು ಹೇಳಿದೊಡನೆ ನನಗೆ ಎಲ್ಲ ಕಣ್ಣಿಗೆ ಕಟ್ಟಿತು. ಹೊನ್ನವಳ್ಳಿಯ ನಮ್ಮ ಕೊಟ್ಟಿಗೆ, ಕೆಂದ ಹಸು, ಹುಲ್ಲು ತುಂಬಿದ ಕರು, ಅದರ ಪಕ್ಕದಲ್ಲಿ ಚೊಂಬು ಹಿಡಿದ ಅಜ್ಜಿ. ಊರಿಗೆ ಮರಳಿದ ಮೇಲೆ ಅಮ್ಮನ ಹತ್ತಿರ ಇದನ್ನು ಭಾವುಕನಾಗಿ ವರ್ಣಿಸಿದೆ. ಅಮ್ಮ ಅವರೆಕಾಯಿ ಬಿಡಿಸುತ್ತಾ, “ಅದು ನಮ್ಮನೇಲಲ್ಲ ಕಣಪ್ಪ, ನಿಮ್ ದೊಡ್ಡಪ್ಪನ ಮನೇಲಿ. ನೀನೆಲ್ಲಿ ನೋಡ್ದೆ? ಹುಲ್ಲಿನ ಕರ ಅಂತಿದ್ದಂಗೆ ಹೆದ್ರಿಕಂಡು ಅಟ್ಟ ಹತ್ತಿದ್ದೆ, ಊಟಕ್ಕೂ ಇಳೀಲಿಲ್ಲ” ಎಂದಳು. ಆ ಕೆಂದ ಹಸು ಈಗಲೂ ನನ್ನ ಕಣ್ಣ ಮುಂದಿದೆ. ಯಾರ ಹಸುವೋ ಗೊತ್ತಿಲ್ಲ.

ಇತ್ತ ಇನ್ಸ್‌ಪೆಕ್ಟರು ಹೊರಡದೆ ನಿಂತಿದ್ದರು. ಯಾವುದಾದರೂ ಘಾಟು ವಾಸನೆಯ ಪದಾರ್ಥವನ್ನು ಮರಿಯ ಮೈಗೂ ಕುರಿಯ ಮೂತಿಗೂ ಹಚ್ಚಿದರೆ, ಎರಡಕ್ಕೂ ಒಂದೇ ವಾಸನೆ ಬಂದು ಕುರಿಗೆ ವ್ಯತ್ಯಾಸ ತಿಳಿಯದೆ ಹೋಗಬಹುದು, ಮನೆಯಲ್ಲಿ ಅಂಥದ್ದೇನಿದೆ ಎಂದು ಗೌಡರನ್ನು ಕೇಳಿದರು. ಗೌಡರು ಮೊಟ್ಟಮೊದಲ ಬಾರಿಗೆ ಕೆಮ್ಮದೆ ನಮ್ಮ ಮಹಡಿಯ ಕಡೆ ಕೈ ತೋರಿಸಿದರು.

ನಮ್ಮಲ್ಲಿದ್ದದ್ದು ತಿಪಟೂರಿನ ಗಾಣದ ಕೊಬ್ಬರಿ ಎಣ್ಣೆ. ಎರಡು ಮಳೆಗಾಲ ಕಂಡು ಕಮಟು ಹಿಡಿದಿತ್ತು. ಆದರೂ ದಿನಾ ತಲೆಗೆ ಅದನ್ನೇ ಹಚ್ಚಿಕೊಳ್ಳುತ್ತಿದ್ದೆ. ಲೈಬ್ರರಿಯಲ್ಲಿ ನನ್ನ ಅಕ್ಕಪಕ್ಕದ ಕುರ್ಚಿಗಳು ಯಾವಾಗಲೂ ಖಾಲಿ ಇರುತ್ತಿದ್ದುದನ್ನು ನಾನು ಆ ಜನರ ಸಂಕೋಚ ಸ್ವಭಾವವೆಂದು ತಿಳಿದಿದ್ದೆ. ಎಣ್ಣೆ ಚಳಿಗೆ ಕಲ್ಲಾಗಿತ್ತು. ಒಲೆಯ ಮೇಲೆ ಕರಗಿಸಿ ತಂದು ಮರಿಗೆ ತಲೆಯಿಂದ ಬಾಲದವರೆಗೆ ತಿಕ್ಕಿದೆ. ನಮ್ಮಲ್ಲಿ ಅಭ್ಯಂಜನಕ್ಕೆ ಮೊದಲು ಎಣ್ಣೆ, ಆಮೇಲೆ ನೀರು. ಈ ಮರಿಗೆ ಕ್ರಮ ತಪ್ಪಿತ್ತು, ಆದರೆ ಯಾವುದೂ ಬಿಟ್ಟುಹೋಗಲಿಲ್ಲ. ಗೌಡರು ಕುರಿಯ ಕತ್ತನ್ನು ಮೊಣಕಾಲುಗಳ ನಡುವೆ ಅಮುಕಿ ಹಿಡಿದು ಮೂತಿಗೆ ಅದೇ ಎಣ್ಣೆ ಬಳಿದರು. ರುದ್ರೇಶ ಮರಿಯ ಬಾಯಿಗೆ ಮೊಲೆ ಕೊಟ್ಟ. ಅದಕ್ಕೆ ಹೀರುವ ಶಕ್ತಿಯಿರಲಿಲ್ಲ. ಬಾಯಿ ಜಾರುತ್ತಿತ್ತು, ತಲೆ ಜೋಲುತ್ತಿತ್ತು. ನಾವು ನಾಲ್ಕು ಜನ ಗಂಡಸರು ಒಂದು ಕುರಿಯ ಕೆಚ್ಚಲು ನೋಡುತ್ತಾ ಕುಳಿತಿದ್ದೆವು. ಬೆಳಕು ಕಡಿಮೆಯಾಗುತ್ತಾ ಬಂತು. ನನ್ನ ಜೀವನದಲ್ಲಿ ದೇವರನ್ನು ನಂಬಬೇಕೆನಿಸಿದ ಸಂದರ್ಭಗಳು ಕಡಿಮೆ. ಅದೊಂದು.

ಆಮೇಲೆ ಮರಿಯ ಬಾಲ ಅಲ್ಲಾಡಿತು. ಹಾಲು ಗಂಟಲಲ್ಲಿ ಇಳಿಯುವಾಗ ಅಲ್ಲಾಡುತ್ತದಲ್ಲ, ಹಾಗೆ. ಗೌಡರು ಮೆಲ್ಲಗೆ ಮೊಣಕಾಲು ಸಡಿಲಿಸಿದರು. ಕುರಿ ಗುದ್ದಲಿಲ್ಲ. ಹಿಂದಕ್ಕೆ ತಿರುಗಿ ಮರಿಯ ಬಾಲದ ಬುಡವನ್ನು ಮೂಸಿ, ಗಂಟಲಲ್ಲೇ ಏನೋ ಗೊಣಗಿಕೊಂಡು, ಮೇವಿಗೆ ಬಾಯಿ ಹಾಕಿತು.

ಎಣ್ಣೆಯ ಮಹಿಮೆ ಎಂದು ಮಂಡಿಯಲ್ಲಿ ರುದ್ರೇಶ ಸಾರುತ್ತಾನೆ. ರೈತರು ತಲೆದೂಗುತ್ತಾರೆ, ಕೊಬ್ಬರಿಗೆ ಸಂಬಂಧಿಸಿದ ಒಳ್ಳೆಯ ಸುದ್ದಿಯನ್ನು ಅವರು ಅನುಮಾನಿಸುವುದಿಲ್ಲ. ನಾನು ಒಪ್ಪಿಲ್ಲ. ಗೌಡರು ಕತ್ತು ಅಮುಕಿದ್ದರಿಂದ ಇರಬಹುದು, ಕೆಚ್ಚಲು ಬಿಗಿದು ನೋವಾಗಿದ್ದರಿಂದ ಇರಬಹುದು, ಸುಮ್ಮನೆ ಸಾಕಾಗಿದ್ದರಿಂದಲೂ ಇರಬಹುದು. ಒಂದು ಕುರಿ, ಒಂದು ಮರಿ, ಒಂದು ಬಾಟಲಿ ಎಣ್ಣೆಯಿಂದ ಯಾವ ಸಿದ್ಧಾಂತವೂ ಹೊರಡುವುದಿಲ್ಲ. ಇದನ್ನು ಹೇಳಿದಾಗ ಹುಳಿಯಾರಿನ ಯಜಮಾನರು, “ಮರಿ ಬದುಕ್ತಲ್ಲ ಸಾ, ಇನ್ನೇನ್ ಬೇಕು ನಿಮ್ಗೆ?” ಎಂದರು. ಇನ್ಸ್‌ಪೆಕ್ಟರಿಗೂ ಅಷ್ಟೇ ಸಾಕಾಗಿತ್ತು. ಹೊರಡುವ ಮುನ್ನ, ದೂರಿನ ಪ್ರಕಾರ ಈ ಮನೆಯಲ್ಲಿ ಪ್ರಾಣಿಹಿಂಸೆ ನಡೆದಿರುವುದು ನಿಜವೆಂದು ಕಂಡುಬಂದಿದೆ, ತಪ್ಪಿತಸ್ಥನಿಗೆ ತಿಳಿವಳಿಕೆ ಹೇಳಲಾಗಿದೆ ಎಂದು ನನ್ನ ಕೈ ಕುಲುಕಿ ಹೋದರು.

ಅವರು ಹೋದ ಮೇಲೆ ನಾನು ಪಿಂಡಿಯ ಪಕ್ಕ ಮೊಣಕಾಲೂರಿ ಕುಳಿತೇ ಇದ್ದೆ. ಕುರಿ ಮೇವು ಬಿಟ್ಟು ನೆಟ್ಟಗೆ ನನ್ನ ಹತ್ತಿರ ಬಂತು. ನನ್ನ ನೆತ್ತಿಯನ್ನು ಬಹಳ ಹೊತ್ತು, ಮರಿಯನ್ನು ಮೂಸಿದಷ್ಟೇ ಗಂಭೀರವಾಗಿ ಮೂಸಿತು. ಒಂದು ಸಲ ನೆಕ್ಕಿತು. ಆ ದೇಶದಲ್ಲಿ ನಾನು ಕಳೆದ ಕಾಲದಲ್ಲಿ ಪಾಸ್‌ಪೋರ್ಟು ಕೇಳದೆ ನನ್ನನ್ನು ತನ್ನವನೆಂದು ಒಪ್ಪಿಕೊಂಡದ್ದು ಆ ಕುರಿಯೊಂದೇ. ರುದ್ರೇಶ ಇದನ್ನು ಪೂರ್ತಿ ಅಲ್ಲಗಳೆಯುತ್ತಾನೆ. ನೆಕ್ಕಲೂ ಇಲ್ಲ ಗಿಕ್ಕಲೂ ಇಲ್ಲ, ಹಿಂದೆ ಸರಿದು, ತಲೆ ತಗ್ಗಿಸಿ ಬಂದು ಎದೆಗೆ ಗುದ್ದಿತು, ಮೇಷ್ಟ್ರು ಪಿಂಡಿಯ ಆಚೆಗೆ ಮಗುಚಿಕೊಂಡರು ಎಂದು ಕೈಕಾಲು ಮೇಲೆತ್ತಿ ತೋರಿಸುತ್ತಾನೆ. ಎದೆಯಲ್ಲಿ ಕೆಲವು ದಿನ ನೋವಿತ್ತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಗುದ್ದಿದ ಮಾತ್ರಕ್ಕೆ ನೆಕ್ಕಿರಲಿಲ್ಲವೆಂದು ಸಾಬೀತಾಗುವುದಿಲ್ಲ. ನಮ್ಮಮ್ಮ ನನ್ನ ತಲೆಗೆ ಎಣ್ಣೆ ತಟ್ಟುತ್ತಿದ್ದ ಕೈಯಲ್ಲೇ ಬೆನ್ನಿಗೂ ಗುದ್ದುತ್ತಿದ್ದಳು.