ಜಪಾನಿ ಅಕ್ಷರಗಳನ್ನು ಮರಳಿ ಹಾಕಿಸಿಕೊಡುವ ಕುರಿತು

ಇಂದ:
ಹಿರಿಯ ಬೆರಳಚ್ಚುಗಾರ್ತಿ, ದಾಖಲೆ ವಿಭಾಗ, ನೆಲಮಾಳಿಗೆ.

ಗೆ:
ಮುಖ್ಯಸ್ಥರು, ಗಣಕ ವಿಭಾಗ, ಮೂರನೇ ಮಹಡಿ.

ವಿಷಯ: ಯೂನಿಕ್ಸ್ ಗಣಕದಿಂದ ತೆಗೆಸಿಹಾಕಿದ ಜಪಾನಿ ಫಾಂಟ್.

ಉಲ್ಲೇಖ: "ಅನುಮತಿಯಿಲ್ಲದ ಅಕ್ಷರಗಳು" ಎಂಬ ತಮ್ಮ ಮೊನ್ನೆಯ ನೋಟೀಸು.

ಮಾನ್ಯರೇ,

೧. ಅರ್ಜಿದಾರಳ ಅಕ್ಕ ಜಪಾನಿನವರೊಬ್ಬರನ್ನು ಮದುವೆಯಾಗಿ, ಹೋದ ವರ್ಷ ಅಲ್ಲೇ ತೀರಿಕೊಂಡಿರುತ್ತಾಳೆ. ಅವಳ ಒಂಬತ್ತು ವರ್ಷದ ಮಗಳಿಗೆ ಬರೆಯಲು ಬರುವುದು ಜಪಾನಿ ಲಿಪಿಯೊಂದೇ. ಆ ಹುಡುಗಿ ಪ್ರತಿ ಒಂದನೇ ತಾರೀಖು ಅಜ್ಜಿಗೆಂದು ಅರ್ಜಿದಾರಳ ಕಚೇರಿ ವಿಳಾಸಕ್ಕೆ ಇ-ಮೇಲ್ ಕಳುಹಿಸುತ್ತಿದ್ದು, ಸದರಿ ಫಾಂಟ್ ಇಲ್ಲದ ಕಾರಣ ಅಕ್ಷರಕ್ಕೊಂದರಂತೆ ಖಾಲಿ ಚೌಕಗಳೇ ಕಾಣುತ್ತಿದ್ದವು.

೨. ಅರ್ಜಿದಾರಳ ತಾಯಿ ಚೌಕಗಳ ಮುದ್ರಿತ ಪ್ರತಿ ನೋಡಿ, ಅದೇ ಜಪಾನಿ ಲಿಪಿಯೆಂದು ತಿಳಿದು, "ಎಷ್ಟು ಮುದ್ದಾಗಿ ಬರೆದಿದ್ದಾಳೆ ನೋಡೇ! ಏನಂತೆ, ಓದು" ಎಂದರು. ಓದಲು ಬರದೆನ್ನಲು ಬಾಯಿ ಬರಲಿಲ್ಲ. "ಅಜ್ಜಿ, ಈಜು ಕಲೀತಿದ್ದೀನಿ" ಎಂದು ಓದಲಾಯಿತು. ಆದ್ದರಿಂದ ಮುಂದಿನ ತಿಂಗಳು ಈಜುಸ್ಪರ್ಧೆಯನ್ನೂ, ಅದರ ಮುಂದಿನ ತಿಂಗಳು ಪದಕವನ್ನೂ ಓದಬೇಕಾಯಿತು. ಹೀಗೆ ಹನ್ನೊಂದು ತಿಂಗಳು.

೩. ಕಳೆದ ಸೋಮವಾರ ಸರ್ವರ್ ನೋಡಿಕೊಳ್ಳುವ ಉದ್ದಣ್ಣನವರು ಈ ಚೌಕಗಳನ್ನು ಕಂಡು, "ಪತ್ರ ಸರಿಯಾಗೇ ಇದೆ ಮೇಡಂ, ನಮ್ಮ ಗಣಕಕ್ಕೇ ಓದು ಬರಲ್ಲ" ಎಂದು ಫಾಂಟ್ ಹಾಕಿದರು. ಅನುವಾದ ವಿಭಾಗದವರನ್ನು ಕರೆಸಲಾಯಿತು. ಅವರು ಎರಡು ಸಾಲು ಗಟ್ಟಿಯಾಗಿ ಓದಿ ನಿಲ್ಲಿಸಿ, "ಲಿಪಿ ಜಪಾನಿ ಕಣ್ರೀ, ಮಾತು ನಮ್ಮದೇ!" ಎಂದರು. ಅದು ಅಕ್ಕ ಮಗಳನ್ನು ಮಲಗಿಸುವಾಗ ಹೇಳುತ್ತಿದ್ದ ಹಾಡು. ಕೆಳಗೆ ಜಪಾನಿಯಲ್ಲಿ ಒಂದೇ ವಾಕ್ಯ: "ಅಜ್ಜಿ, ಮುಂದಿನದು ಮರೆತೆ, ಬರೆದು ಕಳಿಸು."

೪. ಹನ್ನೊಂದೂ ಪತ್ರಗಳನ್ನು ತೆರೆದು ನೋಡಲಾಗಿ, ಎಲ್ಲದರಲ್ಲೂ ಅದೇ ಹಾಡು, ಅದೇ ವಾಕ್ಯ. ಮೊದಲ ಪತ್ರದಲ್ಲಿ ಹಾಡಿನ ಎಂಟು ಸಾಲುಗಳಿದ್ದವು. ಹನ್ನೊಂದನೆಯದರಲ್ಲಿ ಎರಡು.

೫. ಅಂದೇ ಸಂಜೆ ತಾಯಿಯವರ ಮುಂದೆ ತಪ್ಪೊಪ್ಪಿಕೊಳ್ಳಲಾಯಿತು. ಅವರು ಬೈಯಲಿಲ್ಲ. "ಮಗು ಹನ್ನೊಂದು ಸಲ ಕೇಳಿದೆಯಲ್ಲೇ" ಎಂದರು. ಆಮೇಲೆ, "ಬರ್ಕೋ" ಎಂದು ಇಡೀ ಹಾಡು ಹೇಳಿದರು. ಐದನೇ ಸಾಲನ್ನು ಎರಡು ಸಲ ಹೇಳಿರುತ್ತಾರೆ.

೬. ಅದನ್ನು ಜಪಾನಿ ಲಿಪಿಗೆ ಇಳಿಸಲು ಮಂಗಳವಾರ ಅನುವಾದ ವಿಭಾಗದವರು ಬಂದು ಕೂರುವಷ್ಟರಲ್ಲಿ ತಮ್ಮ ಆದೇಶದಂತೆ ಫಾಂಟ್ ತೆಗೆಯಲಾಗಿತ್ತು. ಉದ್ದಣ್ಣನವರದು ತಪ್ಪಿಲ್ಲ, ಮೆಮೋ ಕೊಡುವುದಿದ್ದರೆ ಅರ್ಜಿದಾರಳಿಗೇ ಕೊಡತಕ್ಕದ್ದು.

ಆದ್ದರಿಂದ ಸದರಿ ಫಾಂಟನ್ನು ಒಂದು ಮಧ್ಯಾಹ್ನದ ಮಟ್ಟಿಗಾದರೂ ಮರಳಿ ಹಾಕಿಸಿಕೊಡಬೇಕಾಗಿ ಕೋರಿಕೆ.

ತಮ್ಮ ವಿಶ್ವಾಸ ಇನ್ನೂ ಉಳಿದಿದೆಯೆಂದು ನಂಬಿರುವ,
ಬೆರಳಚ್ಚುಗಾರ್ತಿ

ಲಗತ್ತು: ಹಾಡು, ಹನ್ನೆರಡು ಸಾಲು, ತಾಯಿಯವರು ಹೇಳಿದಂತೆ.

ವಿ.ಸೂ.: ಅರ್ಜಿಗಳ ವಿಲೇವಾರಿಗೆ ಮೂವತ್ತು ದಿನ ಹಿಡಿಯುವುದೆಂದು ತಿಳಿದುಬಂದಿದೆ. ಹುಡುಗಿಯ ಬಳಿ ಎರಡೇ ಸಾಲು ಉಳಿದಿರುವ ಕಾರಣ, ಒಂದನೇ ತಾರೀಖಿನೊಳಗೆ ಇತ್ಯರ್ಥಪಡಿಸಬೇಕಾಗಿ ವಿನಂತಿ.