ನೌಕರಿಗೊಂದು ವಿಮೆ

ಹೆದರುವುದರಲ್ಲಿ ನನ್ನನ್ನು ಮೀರಿಸುವವರು ಗಜೇಂದ್ರಗಡದಲ್ಲಿ ಯಾರೂ ಇರಲಿಕ್ಕಿಲ್ಲ. ಬಸ್ಸಿನಲ್ಲಿ ತೆಗೆದ ಟಿಕೆಟ್ಟನ್ನು ಇಳಿಯುವ ತನಕ ಮುಷ್ಟಿಯಲ್ಲಿ ಹಿಡಿದು ಕೂಡುವವನು ನಾನು. ಅಂಥವನ ಕಿವಿಗೆ, ರೋಣದ ಕಡೆ ಯಾವುದೋ ಹತ್ತಿ ಅಂಗಡಿಯವರು ಮೂವರು ಗುಮಾಸ್ತರನ್ನು ಒಂದೇ ದಿನ ಮನೆಗೆ ಕಳಿಸಿದರೆಂಬ ಸುದ್ದಿ ಬಿದ್ದರೆ? ನಾನೂ ಹತ್ತಿ ಅಂಗಡಿಯ ಗುಮಾಸ್ತನೇ. ಅಂದಿನಿಂದ ನಮ್ಮ ಸಾವಕಾರರು ಕೆಮ್ಮಿದರೂ ಎದೆ ಧಸಕ್ಕೆನ್ನತೊಡಗಿತು.

ಈ ಹೆದರಿಕೆಯ ವಾಸನೆ ಹಿಡಿದೇ ಬಂದನೇನೋ, ಒಬ್ಬ ವಿಮೆ ಏಜೆಂಟ. ನೌಕರಿ ಹೋದರೆ ಮೂರು ತಿಂಗಳು ಅರ್ಧ ಪಗಾರ ಕೊಡುವ ವಿಮೆಯಂತೆ. ವರ್ಷದ ಕಂತು ಎಷ್ಟೆಂದು ಆತ ಹೇಳಿದೊಡನೆ, ಮಗ್ಗದಲ್ಲಿ ಕುಳಿತಿದ್ದ ನನ್ನ ಹೆಂಡತಿ ಗಿರಿಜಾಳ ಕೈಯಲ್ಲಿ ಲಾಳಿ ನಿಂತಿತು. "ಅಂದ್ರ ನಾ ಮೂರ ಸೀರಿ ಪುಕ್ಕಟ ನೇಯಬೇಕೇನ್ರಿ? ಮೂರ ತಿಂಗಳ ಆದಮ್ಯಾಲ ಏನ ಮಾಡೂದು?"

"ಅಷ್ಟರಾಗ ಬ್ಯಾರೆ ನೌಕರಿ ಹುಡುಕತೀನಿ" ಎಂದೆ.

"ಅಷ್ಟ ಲಗೂ ಸಿಗೂ ಹಂಗಿದ್ರ ವಿಮೆ ಯಾಕ ಬೇಕ್ರಿ?"

ಆದರೂ ನಾನು ಹಟ ಬಿಡಲಿಲ್ಲ. ಆಗ ಆತ ನೇಮಕಾತಿ ಪತ್ರ ಕೇಳಿದ. ನಮ್ಮ ಕಡೆ ಅಂಗಡಿಗೆ ಗುಮಾಸ್ತರನ್ನು ಪತ್ರ ಕೊಟ್ಟು ತೆಗೆದುಕೊಳ್ಳುವ ಪದ್ಧತಿ ಎಲ್ಲಿದೆ? ಹನ್ನೊಂದು ವರ್ಷದ ಹಿಂದೆ ಸಾವಕಾರರು ಒಂದು ಕಪ್ ಚಹಾ ಕುಡಿಸಿ, "ಅಮಾಸಿ ಮುಗೀಲಿ, ಮರುದಿನದಿಂದ ಬಾ" ಎಂದಿದ್ದರು. ಅಷ್ಟೇ ನನ್ನ ನೇಮಕಾತಿ.

ಎರಡು ದಿನ ಸಾವಕಾರರ ಗಾದಿಯ ತನಕ ಹೋಗಿ ಹಾಗೆಯೇ ತಿರುಗಿ ಬಂದೆ. ಮೂರನೆಯ ದಿನ ಹೋಗಿ ಮುಂದೆ ನಿಂತೆ. "ಸಾವಕಾರ್ರ, ನಾ ನಿಮ್ಮಲ್ಲಿ ನೌಕರಿ ಮಾಡ್ತೀನಂತ ಒಂದ ಪತ್ರ ಬೇಕಾಗಿತ್ರಿ."

ಅವರು ಕನ್ನಡಕ ತೆಗೆದರು. "ಯಾಕೋ ಈರಣ್ಣಾ, ಬ್ಯಾರೆ ಕಡೆ ಹೊಂಟಿ ಏನ?"

"ಇಲ್ರಿ."

"ಮತ್ತ, ನನ್ನ ಮ್ಯಾಲ ಕೇಸ ಹಾಕ್ತಿ?"

"ಶಿವಶಿವಾ, ಇಲ್ರಿ!"

"ಹಂಗಾದ್ರ ಯಾಕ ಬೇಕು?"

ನೀವು ನನ್ನನ್ನು ತೆಗೆದುಹಾಕಬಹುದೆಂಬ ಭಯಕ್ಕೆ ಎಂದು ಅವರ ಮುಂದೆಯೇ ಹೇಗೆ ಹೇಳಲಿ? "ಹಿಂಗ... ಇರ್ಲಿ ಅಂತರಿ" ಎಂದು ತೊದಲಿದೆ. ಸುಮ್ಮನಿದ್ದವರನ್ನು ಕೆಣಕಿ ಇದ್ದ ನೌಕರಿಯನ್ನೂ ಕಳೆದುಕೊಂಡೆನಲ್ಲ ಎಂದುಕೊಂಡೆ. ಅವರು ಕನ್ನಡಕ ಮತ್ತೆ ಏರಿಸಿ ತಮ್ಮ ವಕೀಲರಿಗೆ ಫೋನು ಮಾಡಿದರು. ಸಂಜೆಗೆ ಟೈಪು ಮಾಡಿಸಿದ ಪತ್ರ ನನ್ನ ಕೈಗೆ ಬಂತು.

ಏಜೆಂಟ ಅದನ್ನು ಓದಿ ತಲೆ ಅಲ್ಲಾಡಿಸಿದ. "ಇವತ್ತಿಂದ ನೌಕರಿ ಸುರು ಅಂತ ಐತ್ರಿ ಇದರಾಗ. ಹೊಸಾ ನೌಕರಿಗೆ ನಮ್ಮ ವಿಮೆ ಕೊಡಾಕ ಬರೂದಿಲ್ರಿ."

ಗಿರಿಜಾ ಪತ್ರ ಇಸಿದುಕೊಂಡು ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದಳು. ಒಂದು ತಿಂಗಳು ಮೊದಲು ತಿಳಿಸಿ, ಕಾರಣ ಹೇಳದೆಯೇ ನನ್ನನ್ನು ತೆಗೆಯಬಹುದಂತೆ. "ಹನ್ನೊಂದ ವರ್ಷ ನಿಮ್ಮನ್ನ ಹ್ಯಾಂಗ ತಗೀಬೇಕನ್ನೂದು ಅವರ ತಲ್ಯಾಗ ಬಂದಿದ್ದಿಲ್ಲ. ನೀವ ಹೋಗಿ ಕಲಿಸಿ ಬಂದ್ರಿ ನೋಡ್ರಿ" ಎಂದಳು.

ಈಗ ನಾನು ಸಾವಕಾರರಿಗಿಂತ ಅರ್ಧ ತಾಸು ಮೊದಲೇ ಹೋಗಿ ಅಂಗಡಿಯ ಬಾಗಿಲಲ್ಲಿ ನಿಲ್ಲುತ್ತೇನೆ. ಹೊಸದಾಗಿ ಸೇರಿದವನಲ್ಲವೇ, ಒಳ್ಳೆಯ ಹೆಸರು ತೆಗೆದುಕೊಳ್ಳಬೇಕು.