ಕುಮಾರಿ ಜಯಾಳ ಟಿ.ವಿ. ಹಾಜರಿ

ನಮ್ಮ ಶಾಲೆಯ ಎಂಟನೆಯ ತರಗತಿಯ ವಿದ್ಯಾರ್ಥಿನಿ ಕುಮಾರಿ ಜಯಾಳ ಹಾಜರಿಯನ್ನು ಕಳೆದ ಜೂನ್ ತಿಂಗಳಿನಿಂದ ಪ್ರತಿದಿನ ಸಂಜೆ ಆರೂವರೆಗೆ, ಮುಖ್ಯೋಪಾಧ್ಯಾಯರ ಕೋಣೆಯ ಟಿ.ವಿ. ನೋಡಿ ಹಾಕಲಾಗುತ್ತಿದೆ. ಜಾಹೀರಾತಿನ ಸಮಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಜರಿ ಹಾಕುವವನು ನಾನೇ, ಶಾಲೆಯ ಗುಮಾಸ್ತ ಸುಭಾಸ. ಹನ್ನೊಂದು ವರ್ಷದ ನನ್ನ ಸೇವೆಯಲ್ಲಿ ಹಾಜರಿ ಪುಸ್ತಕದಲ್ಲಿ ಒಂದೇ ಒಂದು ಚಿತ್ತು ಇಲ್ಲ. ಅನುಮಾನ ಇದ್ದವರು ಬಂದು ನೋಡಬಹುದು, ಚಪ್ಪಲಿ ಹೊರಗೆ ಬಿಡಬೇಕು.

ತಿಳವಳ್ಳಿಯಿಂದ ಒಳಗಿರುವ ನಮ್ಮಂಥ ಊರಿನ ಹುಡುಗಿ ಟಿ.ವಿ. ಸೇರಿದ್ದು ಹೇಗೆ ಎಂದು ಕೇಳುವವರಿದ್ದಾರೆ. ಸವಣೂರಿನ ಒಂದು ಹಳೆಯ ವಾಡೆಯಲ್ಲಿ ‘ಸೊಸೆ ಬಂದಳು, ಸುಮ್ಮನಿರಿ’ ಎಂಬ ಧಾರಾವಾಹಿಯ ಚಿತ್ರೀಕರಣ ನಡೆಯುತ್ತದೆ. ಅದರ ನಿರ್ದೇಶಕರಾದ ಅಯಾಜ್ ಅವರು ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಬಂದು, ನಾಟಕದಲ್ಲಿ ಜಯಾ ಅತ್ತ ರೀತಿಯನ್ನು ನೋಡಿ, ಅವಳನ್ನು ಮನೆಯ ಮೊಮ್ಮಗಳು ಪಿಂಕಿಯ ಪಾತ್ರಕ್ಕೆ ಕರೆದುಕೊಂಡರು. ಇಂದು ತೆಗೆದದ್ದು ನಾಳೆಯಿಂದ ಎರಡು ಮೂರು ಸಂಜೆ ಬರುತ್ತದೆ. ತಿಂಗಳಿಗೆ ಹನ್ನೆರಡು ದಿನವಾದರೂ ಜಯಾ ಸವಣೂರಿನಲ್ಲಿರಬೇಕು. ಹಾಗಾಗಿ ಹಾಜರಿ ಕಡಿಮೆ ಬಿತ್ತು.

ಮುಖ್ಯೋಪಾಧ್ಯಾಯ ಸುಶೀಂದ್ರ ಸರ್ ಈ ಬಗ್ಗೆ ಶಿಗ್ಗಾಂವಿಯಲ್ಲಿರುವ ನಾಲ್ಕು ತಾಲೂಕುಗಳ ಬಾಲಪ್ರತಿಭಾ ಸಮನ್ವಯ ಘಟಕಕ್ಕೆ ಪತ್ರ ಬರೆದರು. ಉತ್ತರ ಹೀಗೆ ಬಂತು: “ಶಾಲಾ ಸಿಬ್ಬಂದಿಯು ಸ್ವಂತ ಕಣ್ಣಿನಿಂದ ಕಂಡ ವಿದ್ಯಾರ್ಥಿಯನ್ನು ಹಾಜರೆಂದು ಪರಿಗಣಿಸತಕ್ಕದ್ದು.” ಸುಶೀಂದ್ರ ಸರ್ ಶಾಸ್ತ್ರ ಓದಿದವರ ಮನೆತನದವರು. ಒಂದು ವಾಕ್ಯ ಸಿಕ್ಕರೆ ಅದರ ತಳ ಕಾಣುವವರೆಗೆ ಬಿಡುವವರಲ್ಲ. ಕನ್ನಡಕ ಒರೆಸಿ ಮೂರು ಸಲ ಓದಿದರು.

“ಸುಭಾಸ, ಸ್ವಂತ ಕಣ್ಣಿಂದ ಕಾಣಬೇಕು ಅಂತ ಅದ. ಎಲ್ಲಿ ಕಾಣಬೇಕು ಅಂತ ಎಲ್ಲೂ ಬರದಿಲ್ಲ ನೋಡು.”

“ಇಲ್ರಿ ಸರ.”

“ದಿನಾ ಸಂಜೀ ಮುಂದ ನಾನೂ ನೋಡ್ತೇನಿ, ನೀನೂ ನೋಡ್ತೀ.”

“ನೋಡ್ತೇನ್ರಿ ಸರ.”

“ಮತ್ತ?”

ಮರುದಿನವೇ ಅವರ ಕೋಣೆಗೆ ಟಿ.ವಿ. ಬಂತು.

ಇಲ್ಲಿಯವರೆಗೆ ಎಲ್ಲವೂ ಕ್ರಮಬದ್ಧವಾಗಿತ್ತು. ಗೊಂದಲ ಎಬ್ಬಿಸಿದವಳು ಜಯಾ. ಚಿತ್ರೀಕರಣ ಇಲ್ಲದ ದಿನ ಅವಳು ನೇರವಾಗಿ ಶಾಲೆಗೇ ಬಂದುಬಿಡುತ್ತಿದ್ದಳು. ಒಂದು ಮಗುವಿಗೆ ಒಂದು ದಿನಕ್ಕೆ ಒಂದೇ ಹಾಜರಿ. ಬೆಳಿಗ್ಗೆ ಬೆಂಚಿನಲ್ಲೂ ಸಂಜೆ ಟಿ.ವಿ.ಯಲ್ಲೂ ಕಂಡರೆ ನಾನು ಯಾವುದನ್ನು ಬರೆಯಲಿ? ಟಿ.ವಿ.ಯದ್ದು ಲಿಖಿತ ಅನುಮತಿ ಇರುವ ಹಾಜರಿ. ಆದ್ದರಿಂದ ಅದನ್ನು ಮಸಿಯಲ್ಲಿ ಬರೆದು, ಬೆಂಚಿನದ್ದನ್ನು ಪೆನ್ಸಿಲಿನಲ್ಲಿ ಗುರುತು ಹಾಕಿ ಸಂಜೆ ಅಳಿಸುತ್ತಿದ್ದೆ. ಒಮ್ಮೆ ಧಾರಾವಾಹಿಯಲ್ಲಿ ಅತ್ತೆ ಸೊಸೆಯರ ಜಗಳ ನಾಲ್ಕು ದಿನ ಎಳೆದು ಪಿಂಕಿ ಕಾಣಿಸಲೇ ಇಲ್ಲ. ನಾಲ್ಕು ದಿನವೂ ಗೈರು ಹಾಕಿದೆ. ವಿಜ್ಞಾನದ ನಸೀರಾ ಟೀಚರ್ ನನ್ನ ಮೇಜಿನ ಮುಂದೆ ಬಂದು ನಿಂತರು.

“ಹುಡುಗಿ ಮೊದಲನೇ ಬೆಂಚಿನ್ಯಾಗ ಕುಂತಾಳಲ್ರೀ ಸುಭಾಸಣ್ಣ! ನಾಲ್ಕು ದಿನ ನಾನಽ ಪಾಠ ಮಾಡೇನಿ ಅಕಿಗೆ.”

“ಕುಂತಾಳ್ರಿ. ಕುಂತಿಲ್ಲ ಅಂತ ನಾ ಎಲ್ಲಿ ಅಂದೆ? ಆದ್ರ ಹಾಜರ ಇಲ್ಲ.”

ಟೀಚರ್ ತಿರುಗಿ ತರಗತಿಗೆ ಹೋದರು. ವಿಜ್ಞಾನ ಓದಿದವರಿಗೆ ದಾಖಲೆಯ ಮೇಲೆ ಗೌರವ ಕಡಿಮೆ ಎಂಬುದು ನನ್ನ ಅನುಭವ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ನಮ್ಮೂರಿನ ಗೋವಿನಜೋಳಕ್ಕೆ ಲದ್ದಿಹುಳ ಬಿದ್ದು ಸುಳಿಯನ್ನೆಲ್ಲ ತಿಂದುಹಾಕಿತ್ತು. ಒಬ್ಬೊಬ್ಬರು ಒಂದೊಂದು ಔಷಧ ಹೇಳಿದರು. ಜಯಾಳ ಓಣಿಯ ಮುದುಕಿ ಯಂಕವ್ವ ಮಾತ್ರ, “ಸುಳಿಯೊಳಗ ಒಂದೊಂದು ಚಿಟಿಕಿ ಉಸುಕು ಹಾಕ್ರಿ, ಹುಳ ಕುಂದ್ರಂಗಿಲ್ಲ” ಎಂದಳು. ಊರಿಗೆ ಊರೇ ನಕ್ಕಿತು. ನಾನೂ ನಕ್ಕಿದ್ದೆ. ನಗದೇ ಇದ್ದವಳು ಜಯಾ ಒಬ್ಬಳೇ. ಮುದುಕಿ ಹೇಳಿದ್ದು ಖರೆಯೋ ಸುಳ್ಳೋ ತಿಳಿಯುವುದು ಹೇಗೆ ಎಂದು ಅವಳು ನಸೀರಾ ಟೀಚರರನ್ನು ಕೇಳಿದಳು. “ಅರ್ಧ ಗಿಡಕ್ಕ ಹಾಕು, ಅರ್ಧ ಗಿಡ ಹಂಗಽ ಬಿಡು. ಮುಂಜಾನಿ ಸಂಜಿ ಎಣಿಸಿ ಬರಿ,” ಎಂದು ಟೀಚರ್ ಹೇಳಿಕೊಟ್ಟರು.

ಈ ವರ್ಷ ಜಯಾ ತನ್ನ ಅಪ್ಪ ಗುದ್ಲೆಪ್ಪನ ಹೊಲದಲ್ಲಿ ನಲವತ್ತು ಗಿಡಗಳಿಗೆ ನಂಬರಿನ ಚೀಟಿ ಕಟ್ಟಿದಳು. ಇದನ್ನು ಹಿರೇಕೆರೂರಿನಲ್ಲಿ ನಡೆಯುವ ನಾಲ್ಕು ತಾಲೂಕಿನ ವಿಜ್ಞಾನ ಮೇಳದಲ್ಲಿ ಎಲ್ಲರ ಮುಂದೆ ಹೇಳಬೇಕು ಎಂಬುದು ಅವಳ ಆಸೆ. ಮೇಳದ ನಿಯಮವೋ ಸ್ಪಷ್ಟವಾಗಿತ್ತು: ಹಿಂದಿನ ಮೂರು ವಾರ ಪೂರ್ಣ ಹಾಜರಿ ಇದ್ದವರಿಗೆ ಮಾತ್ರ ಪ್ರವೇಶ. ಜಯಾ ನನ್ನ ಮೇಜಿನ ಹತ್ತಿರ ಬಂದಳು.

“ಸರ, ಇಪ್ಪತ್ತೊಂದು ದಿನ ನಾ ಹೊಲ್ದಾಗ ಎಣಿಸಬೇಕ್ರಿ. ಶೂಟಿಂಗ್ ಮುಗೀಲಿ ಅಂತ ಹುಳ ಕಾಯಂಗಿಲ್ಲ.”

“ಹಂಗಾರ ಶೂಟಿಂಗಿಗೆ ಹೋಗಬ್ಯಾಡ.”

“ಹೋಗ್ಲಿಲ್ಲಂದ್ರ ಟಿ.ವಿ.ಯಾಗ ಕಾಣಂಗಿಲ್ರಿ. ನೀವು ಗೈರು ಹಾಕ್ತೀರಿ. ಗೈರು ಬಿದ್ರ ಮೇಳಕ್ಕ ಬಿಡಂಗಿಲ್ಲ.”

“ಅದು ಖರೆ.”

“ಸಾಲಿ ಇಲ್ಲೇ ಐತಿ. ದಿನಾ ಹತ್ತು ಗಂಟೇಕ ಬಂದು ನಿಮ್ಮ ಮುಂದಽ ನಿಂದರ್ತೇನ್ರಿ.”

“ನಿಂದ್ರವಾ, ನಾ ಏನು ಬ್ಯಾಡ ಅಂತೇನೇನು? ಆದ್ರ ಅದು ಪುಸ್ತಕದಾಗ ಬರಂಗಿಲ್ಲ.”

ಅವಳ ಕಣ್ಣು ತುಂಬಿತು. ಟಿ.ವಿ.ಯಲ್ಲಿ ಅವಳು ಅತ್ತದ್ದನ್ನು ಅರವತ್ತು ಸಲವಾದರೂ ನೋಡಿದ್ದೇನೆ. ಗ್ಲಿಸರಿನ್ ಇಲ್ಲದೆ ಅತ್ತದ್ದನ್ನು ನೋಡಿದ್ದು ಅದೇ ಮೊದಲು. ನನಗೂ ಕರುಳು ಚುರ್ ಎಂದಿತು, ಸುಳ್ಳು ಹೇಳುವುದಿಲ್ಲ. ಆದರೆ ಕರುಳಿಗೆ ಹಾಜರಿ ಪುಸ್ತಕದಲ್ಲಿ ಕಾಲಂ ಇಲ್ಲ.

ಎರಡು ದಿನ ಯೋಚಿಸಿ ಜಯಾ ಸವಣೂರಿಗೆ ಹೊರಟಳು. ದಿನಾ ಜೊತೆಗೆ ಹೋಗುವ ಅಪ್ಪನಿಗೆ ಅವತ್ತು ಹೊಲದ ಕೆಲಸವಿದ್ದುದರಿಂದ ನಾನೂ ಹೋದೆ. ವಾಡೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಅಯಾಜ್ ಅವರ ಮುಂದೆ ನಿಂತು ಒಂದೇ ಮಾತು ಕೇಳಿದಳು.

“ಸರ, ಪಿಂಕೀನ ಕೋಮಾಕ್ಕ ಕಳಸ್ರಿ.”

“ಏನಂದಿ?”

“ಮಾಳಿಗಿ ಮ್ಯಾಲಿಂದ ಬೀಳಸ್ರಿ. ತಲೀಗೆ ಪೂರ್ತಿ ಪಟ್ಟಿ ಕಟ್ರಿ, ಮಾರಿ ಕಾಣಬಾರದು. ಚಾದರದಾಗ ಎರಡು ದಿಂಬು ಇಟ್ರ ಮುಗೀತು, ನಾ ಬರೂದಽ ಬ್ಯಾಡ.”

ಅಯಾಜ್ ಅವರು ಚಹಾದ ಕಪ್ಪು ಕೆಳಗಿಟ್ಟರು. ಮೂರು ವಾರದಿಂದ ಕಥೆ ಮುಂದೆ ಹೋಗದೆ ಅವರೂ ಒದ್ದಾಡುತ್ತಿದ್ದರಂತೆ. “ಶಾಬಾಸ್ ಬೇಟಿ,” ಎಂದು ಎದ್ದುನಿಂತರು. ಸವಣೂರಿನ ಸಂತೆಯಿಂದ ಹದವಾದ ಒಂದು ಕುಂಬಳಕಾಯಿ ತರಿಸಿ ಪಟ್ಟಿ ಸುತ್ತಿಸಿದರು. ಅದು ದಿಂಬಿನ ಮೇಲೆ ಕುಳಿತ ಮೇಲೆ ನೋಡಿದೆ. ಪಿಂಕಿಯಲ್ಲ ಎಂದು ಯಾರೂ ಹೇಳುವಂತಿರಲಿಲ್ಲ.

ಪಿಂಕಿ ಬಿದ್ದ ಸಂಜೆ ಸುಶೀಂದ್ರ ಸರ್ ಹೊಸ ಪ್ರಶ್ನೆ ಎತ್ತಿದರು. ಕೋಮಾದಲ್ಲಿರುವ ವಿದ್ಯಾರ್ಥಿ ಹಾಜರೋ ಗೈರೋ? ಮತ್ತೆ ಶಿಗ್ಗಾಂವಿಗೆ ಪತ್ರ ಹೋಯಿತು. ಘಟಕದ ಅಧಿಕಾರಿ ಶಾಮಲಾ ಮೇಡಂ ಅವರಿಂದ ಮೂರೇ ದಿನದಲ್ಲಿ ಉತ್ತರ ಬಂತು: “ಸದರಿ ವಿದ್ಯಾರ್ಥಿನಿಯಲ್ಲಿ ಉಸಿರಾಟ ಕಂಡುಬಂದಲ್ಲಿ ಹಾಜರಿ ನೀಡಬಹುದು. ಪ್ರಜ್ಞೆ ಕಡ್ಡಾಯವಲ್ಲ.” ಎರಡನೆಯ ವಾಕ್ಯ ಎಲ್ಲ ತರಗತಿಗಳಿಗೂ ಅನ್ವಯಿಸುತ್ತದೆಯೇ ಎಂದು ಕೆಲವು ಶಿಕ್ಷಕರು ಕೇಳಿದರು. ಅನ್ವಯಿಸುತ್ತದೆ ಎಂದು ಸುಶೀಂದ್ರ ಸರ್ ಹೇಳಿದರು. ಹಾಸಿಗೆಯ ಪಕ್ಕದ ಯಂತ್ರದಲ್ಲಿ ಹಸಿರು ಗೆರೆ ಏರಿಳಿಯುವುದನ್ನು ನೋಡಿ ನಾನು ದಿನವೂ ಹಾಜರಿ ಹಾಕಿದೆ. ಇಪ್ಪತ್ತೊಂದು ದಿನ ಒಂದೂ ಗೈರಿಲ್ಲ. ಅಷ್ಟು ಶಿಸ್ತಿನ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ.

ಜಯಾ ಹೊಲದಲ್ಲಿದ್ದಳು. ಹೊತ್ತು ಹುಟ್ಟುವ ಮೊದಲೇ ಹೋಗಿ ಸುಳಿ ಬಿಡಿಸಿ ಹುಳ ಎಣಿಸಿ ವಹಿಯಲ್ಲಿ ಬರೆಯುತ್ತಿದ್ದಳು. ಸಂಜೆ ಮತ್ತೆ ಎಣಿಸುತ್ತಿದ್ದಳು. ಅತ್ತ ಊರಿನವರು ಅವಳ ಮನೆಗೆ ಎಳನೀರು, ಮೋಸಂಬಿ ಹಿಡಿದುಕೊಂಡು ಪಿಂಕಿಯ ಆರೋಗ್ಯ ವಿಚಾರಿಸಲು ಬರತೊಡಗಿದರು. ಬಾಗಿಲು ತೆಗೆದು ಅವನ್ನು ಈಸಿಕೊಳ್ಳುತ್ತಿದ್ದವಳು ಜಯಾಳೇ. ಅವಳ ಅವ್ವ ಶಾರವ್ವ ಮಗಳ ತಟ್ಟೆಗೆ ರೊಟ್ಟಿ ಹಾಕುತ್ತ ಟಿ.ವಿ. ನೋಡಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

“ಯವ್ವಾ, ನಾ ಇಲ್ಲೇ ಕುಂತೇನಲ್ಲ.”

“ನೀ ಉಣ್ಣ ಸುಮ್ಮ. ಆ ಕೂಸು ಮೂರು ವಾರದಿಂದ ಒಂದು ತುತ್ತು ಉಂಡಿಲ್ಲ.”

ಮೇಳದ ದಿನ ನಾವೆಲ್ಲ ಹಂಸಭಾವಿ ಮೇಲೆ ಹಾಯ್ದು ಹಿರೇಕೆರೂರು ಮುಟ್ಟಿದೆವು. ಜಯಾ ನಲವತ್ತು ಗಿಡದ ನಕ್ಷೆ ತೂಗುಹಾಕಿ, ವಹಿ ಹಿಡಿದು ನಿಂತಳು. ತೀರ್ಪುಗಾರರಲ್ಲಿ ಹಿರಿಯರು ಶಾಮಲಾ ಮೇಡಂ. ಹೆಸರು ನೋಡಿದರು, ಜಯಾಳನ್ನು ನೋಡಿದರು, ತಾವೇ ಸಹಿ ಮಾಡಿದ ಪತ್ರವನ್ನು ಚೀಲದಿಂದ ತೆಗೆದರು.

“ದಾಖಲೆ ಪ್ರಕಾರ ಈ ವಿದ್ಯಾರ್ಥಿನಿಗೆ ಪ್ರಜ್ಞೆ ಇಲ್ಲಲ್ರೀ?”

“ಮೇಡಂ, ನನಗ ಎಚ್ಚರ ಐತ್ರಿ,” ಎಂದಳು ಜಯಾ.

“ಎಚ್ಚರ ಅದ ಅಂತ ಬರಕೊಟ್ರ ಇಪ್ಪತ್ತೊಂದು ದಿನದ ಹಾಜರಿ ಸುಳ್ಳಾಗ್ತದವಾ. ಹಾಜರಿ ಹೋದ್ರ ಪ್ರವೇಶ ಇಲ್ಲ. ಎಚ್ಚರ ಇಲ್ಲಂದ್ರ ಪ್ರವೇಶ ಅದ, ಆದ್ರ ನೀ ಮಾತಾಡೂ ಹಂಗಿಲ್ಲ. ಯಾವುದು ಬರೀಲಿ?”

ಜಯಾ ಹಾಜರಿ ಪುಸ್ತಕ ಹಿಡಿದಿದ್ದ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಒಂದು ಚಿತ್ತು ಹಾಕಿಬಿಡಲೇ ಎಂದು ಜೀವನದಲ್ಲಿ ಮೊದಲ ಸಲ ಅನ್ನಿಸಿತು. ಹಾಕಿದ್ದರೂ ಅವಳಿಗೆ ಉಪಯೋಗವಿರಲಿಲ್ಲ. ಆಗ ನಸೀರಾ ಟೀಚರ್ ಮುಂದೆ ಬಂದರು.

“ಮೇಡಂ, ಮಾತಾಡಬಾರದು ಅಂತ ಅದ. ಕನವರಿಸಬಾರದು ಅಂತ ಎಲ್ಲೆರೆ ಬರದಾರೇನ್ರಿ?”

ಶಾಮಲಾ ಮೇಡಂ ನಿಯಮಾವಳಿಯ ಹನ್ನೆರಡೂ ಪುಟ ತಿರುವಿದರು. ಸುಶೀಂದ್ರ ಸರ್ ಅವರ ಹೆಗಲ ಮೇಲಿಂದ ಇಣುಕಿ ತಾವೂ ಓದಿದರು. ಕನವರಿಸುವ ವಿಷಯ ಎಲ್ಲಿಯೂ ಇರಲಿಲ್ಲ.

ಪ್ರಥಮ ಚಿಕಿತ್ಸೆಯ ಕೋಣೆಯಿಂದ ಒಂದು ಮಂಚ ತರಿಸಿ ನಕ್ಷೆಯ ಕೆಳಗೆ ಹಾಕಿದರು. ಜಯಾ ವಹಿಯನ್ನು ಟೀಚರ್ ಕೈಗೆ ಕೊಟ್ಟು, ಮಲಗಿ, ಕಣ್ಣು ಮುಚ್ಚಿದಳು. ಶಾರವ್ವ ಚಾದರ ಹೊದಿಸಿದಳು. ತೀರ್ಪುಗಾರರು ಸುತ್ತ ನಿಂತರು. ಜಯಾ ಸಣ್ಣ ದನಿಯಲ್ಲಿ ಕನವರಿಸತೊಡಗಿದಳು.

“ನಲವತ್ತು ಗಿಡ… ಇಪ್ಪತ್ತಕ್ಕ ಉಸುಕು ಹಾಕಿದೆ, ಇಪ್ಪತ್ತು ಹಂಗಽ ಬಿಟ್ಟೆ… ಆರನೇ ದಿನ ಉಸುಕು ಹಾಕಿದ್ರಾಗ ಒಂಬತ್ತು ಹುಳ, ಬಿಟ್ಟದ್ರಾಗ ಮೂವತ್ತೊಂದು…”

ಇಪ್ಪತ್ತೊಂದು ದಿನದ ಎರಡು ಹೊತ್ತಿನ ಎಣಿಕೆ, ಒಂದು ಅಂಕಿಯೂ ತಪ್ಪದೆ ಬಂತು. ವಹಿ ತೆರೆದು ಬೆರಳಿಟ್ಟು ನೋಡುತ್ತಿದ್ದ ಟೀಚರ್ ಕೊನೆಕೊನೆಗೆ ಪುಟ ತಿರುವುವುದನ್ನೇ ಬಿಟ್ಟರು. ಸುದ್ದಿ ಹಬ್ಬಿ ಮೇಳಕ್ಕೆ ಬಂದಿದ್ದ ರೈತರೆಲ್ಲ ಟೋಪಿ, ರುಮಾಲು ತೆಗೆದು ಮಂಚದ ಸುತ್ತ ಸೇರಿದರು. ಒಬ್ಬರು ಬಗ್ಗಿ, ಆಸ್ಪತ್ರೆಯಲ್ಲಿ ಮಾತಾಡುವಂತೆ ಮೆಲ್ಲಗೆ ಕೇಳಿದರು: “ಮಳಿ ಬಂದು ಉಸುಕು ಕೊಚ್ಚಿ ಹೋದ್ರವಾ?”

“ಹದಿಮೂರನೇ ದಿನ ಮಳಿ ಬಂತ್ರಿ… ಮರುದಿನ ಮತ್ತ ಹಾಕಿದೆ…”

“ಎಷ್ಟು ಗಿಡ ಉಳದ್ವು?”

“ಉಸುಕಿನವು ಹದಿನಾರು. ಬಿಟ್ಟವು ಐದು. ಯಂಕವ್ವ ಹೇಳಿದ್ದು ಖರೆ ಐತ್ರಿ. ಆದ್ರ ನಲವತ್ತಽ ಗಿಡ, ಒಂದಽ ಹೊಲ. ಮತ್ತೊಮ್ಮಿ ನೋಡಬೇಕ್ರಿ.”

ನನ್ನ ಕಣ್ಣಲ್ಲಿ ನೀರು ಬಂತು. ನಾಲ್ಕು ತಾಲೂಕಿನ ಜನ ಒಂದು ಹುಡುಗಿಯ ಮಾತನ್ನು ಮಧ್ಯೆ ಬಾಯಿ ಹಾಕದೆ ಕೊನೆಯವರೆಗೆ ಕೇಳಿದ್ದನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ಪ್ರಥಮ ಬಹುಮಾನವನ್ನು ಚಾದರದ ಮೇಲೆ ಇಟ್ಟರು. ಆ ವಾರವೇ ಹಾನಗಲ್ಲಿನಿಂದ ತಡಸದವರೆಗೆ ರೈತರು ಗೋವಿನಜೋಳದ ಸುಳಿಗೆ ಉಸುಕು ಹಾಕತೊಡಗಿದರು. ಇದನ್ನೇ ಯಂಕವ್ವ ಹೋದ ವರ್ಷ ಹೇಳಿರಲಿಲ್ಲವೇ ಎಂದು ನಾನು ಒಬ್ಬರನ್ನು ಕೇಳಿದೆ. “ಹೇಳಿದ್ಲರೀ, ಆದ್ರ ಅಕಿ ಎಚ್ಚರ ಇದ್ದು ಹೇಳಿದ್ಲು,” ಎಂದರು.

ಜಯಾ ಈಗ ರಾಜ್ಯಮಟ್ಟಕ್ಕೆ ಆಯ್ಕೆಯಾಗಿದ್ದಾಳೆ. ಪಿಂಕಿ ಕಣ್ಣು ತೆರೆಯುವ ದೃಶ್ಯಕ್ಕೆ ಅಯಾಜ್ ಅವರು ಸಿದ್ಧತೆ ಮಾಡಿಕೊಂಡಿದ್ದರು. ಸ್ಪರ್ಧೆ ಮುಗಿಯುವವರೆಗೆ ತೆರೆಯಬಾರದೆಂದು ಘಟಕದಿಂದ ತುರ್ತು ಪತ್ರ ಹೋಯಿತು. ಅವರು ಒಪ್ಪಿದ್ದಾರೆ. ಈ ಸಲ ಇನ್ನೂರು ಗಿಡ ಎಣಿಸಲು ಸಮಯ ಸಿಗುತ್ತದೆಂದು ಜಯಾಳೂ ಒಪ್ಪಿದ್ದಾಳೆ. ಎಚ್ಚರವಿದ್ದು ವಿವರಿಸಿದ ಉಳಿದ ಅರವತ್ತೆಂಟು ಮಕ್ಕಳ ಪಾಲಕರು ತಮಗೆ ಅನ್ಯಾಯವಾಗಿದೆ ಎಂದು ದೂರು ಕೊಟ್ಟಿದ್ದರು. ದೂರಿನಲ್ಲಿ ಹುರುಳಿದೆ ಎಂದು ಕಂಡುಕೊಂಡ ಘಟಕ ನಿನ್ನೆ ಹೊಸ ಸುತ್ತೋಲೆ ಹೊರಡಿಸಿದೆ. ಅದನ್ನು ನಾನೇ ಸೂಚನಾ ಫಲಕಕ್ಕೆ ಅಂಟಿಸಿದೆ: “ಮುಂದಿನ ವರ್ಷದಿಂದ ವಿಜ್ಞಾನ ಮೇಳದ ಎಲ್ಲ ಸ್ಪರ್ಧಿಗಳು ತಮ್ಮ ತಮ್ಮ ಹಾಸಿಗೆಯನ್ನು ತಾವೇ ತರತಕ್ಕದ್ದು.”